ಕಸದಿಂದ ರಸ ಎಂಬ ಬೈಗುಳ

ಬೈಗುಳಗಳಲ್ಲಿ ಎರಡು ಜಾತಿ. ಒಂದು, ಬೈಗುಳದ ವೇಷದಲ್ಲೇ ಬರುವಂಥದು. ಅದಕ್ಕೆ ಉತ್ತರ ಕೊಡಬಹುದು, ಇಲ್ಲವೇ ಬಾಗಿಲು ಹಾಕಿಕೊಳ್ಳಬಹುದು. ಇನ್ನೊಂದು, ಹೊಗಳಿಕೆಯ ಶಾಲು ಹೊದ್ದು, ಕೈಯಲ್ಲೊಂದು ಸ್ಟೀಲ್ ಡಬ್ಬಿಯ ಬಹುಮಾನ ಹಿಡಿದು ಬರುವಂಥದು. ಅದು ಬಂದಾಗ ನಾವು ಎದ್ದು ನಿಂತು ನಮಸ್ಕಾರ ಮಾಡುತ್ತೇವೆ, ಫೋಟೋಕ್ಕೆ ನಗುತ್ತೇವೆ, ಮನೆಗೆ ಬಂದು ಡಬ್ಬಿಗೆ ಸಾಸಿವೆ ತುಂಬಿಡುತ್ತೇವೆ. ಅವಮಾನವಾಯಿತೆಂದು ತಿಳಿಯುವ ಹೊತ್ತಿಗೆ ಸಾಸಿವೆ ಅರ್ಧ ಖಾಲಿಯಾಗಿರುತ್ತದೆ. ನನಗೆ ಸಿಕ್ಕಿದ್ದು ಈ ಎರಡನೆಯ ಜಾತಿಯದು. ಅದರ ಹೆಸರು ‘ಕಸದಿಂದ ರಸ’.

ಏಳೆಂಟು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಒಂದು ಪ್ರದರ್ಶನ ನಡೆಯಿತು. ಹೆಂಗಸರು ಮನೆಯಲ್ಲಿ ಮಾಡಿದ್ದನ್ನು ತರಬಹುದು ಎಂದಿದ್ದರು. ನಾನು ಒಂದು ಚಿತ್ರ ತೆಗೆದುಕೊಂಡು ಹೋದೆ. ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಹಿತ್ತಿಲ ಬಾಗಿಲ ಹೊಸ್ತಿಲ ಬಳಿ ಕೂತು ಕೌದಿ ಹೊಲಿಯುತ್ತಿರುವ ನನ್ನ ಅವ್ವ. ಕುಂಚ ಮುಟ್ಟಿಲ್ಲ, ಬಣ್ಣ ಕಲೆಸಿಲ್ಲ. ಅವ್ವನ ಮುಖ, ಸೀರೆ, ಕೌದಿ, ಹಿಂದಿನ ಮಣ್ಣಿನ ಗೋಡೆ, ಎಲ್ಲವೂ ಹಳೆಯ ಅಂಚೆಚೀಟಿಗಳ ಚೂರುಗಳು. ಎರಡು ಸಾವಿರಕ್ಕೂ ಮಿಕ್ಕಿ ಚೀಟಿಗಳು, ಹದಿನಾಲ್ಕು ತಿಂಗಳ ಕೆಲಸ. ಬಾಗಿಲಲ್ಲಿ ಕೂತಿದ್ದ ಹುಡುಗ ಅದನ್ನೊಮ್ಮೆ ತಿರುಗಿಸಿ ನೋಡಿ, “ಆಂಟಿ, ಇದು ಆ ಮೇಜು” ಎಂದು ಕೈ ತೋರಿಸಿದ. ಆ ಮೇಜಿನ ಮೇಲೆ ‘ಕಸದಿಂದ ರಸ’ ಎಂದು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ್ದರು. ಎಡಕ್ಕೆ ತೆಂಗಿನ ಕರಟದ ಮಂಗ, ಬಲಕ್ಕೆ ಪ್ಲಾಸ್ಟಿಕ್ ಬಾಟಲಿಯ ಹೂದಾನಿ, ಮಧ್ಯೆ ನನ್ನ ಅವ್ವ.

ಸಂಜೆ ತೀರ್ಪುಗಾರರು ಮೈಕಿನ ಮುಂದೆ ನಿಂತರು. ದೊಡ್ಡ ಮನುಷ್ಯರು, ಒಳ್ಳೆಯ ಮಾತುಗಾರರು. “ಮನೆಯಲ್ಲಿ ಬಿದ್ದಿದ್ದ ಕಸವನ್ನೇ ಬಳಸಿ, ಒಂದು ಪೈಸೆಯ ಖರ್ಚಿಲ್ಲದೆ, ಬಿಡುವಿನ ಸಮಯದ ಸದುಪಯೋಗ ಮಾಡಿಕೊಂಡಿದ್ದಾರೆ. ನಮ್ಮ ಗೃಹಿಣಿಯರ ತಾಳ್ಮೆ ಮೆಚ್ಚತಕ್ಕದ್ದು” ಎಂದರು. ನನಗೆ ಮೂರನೇ ಬಹುಮಾನ. ಚಪ್ಪಾಳೆಯೂ ಆಯಿತು. ಡಬ್ಬಿ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದೆ. ಅಲ್ಲಿ ಬೇರೆಯೇ ಲೋಕ. ಗಾಜಿನ ಚೌಕಟ್ಟು, ಮೇಲೊಂದು ದೀಪ, ‘ಮುಟ್ಟಬಾರದು’ ಎಂಬ ಬೋರ್ಡು. ಒಳಗೆ ಅಂಚೆಚೀಟಿಗಳ ಸಂಗ್ರಹ. ಮೀನಿನ ಚಿತ್ರದ 5 ಪೈಸೆ, ಕೋಳಿಮರಿಯ 25 ಪೈಸೆ, ಹತ್ತಿಯ ಚಿತ್ರದ 1 ರೂಪಾಯಿ. ಇವೇ ಚೀಟಿಗಳು ನನ್ನ ಅವ್ವನ ಸೀರೆಯಲ್ಲೂ ಇದ್ದವು! ಅಲ್ಲಿ ಅವಕ್ಕೆ ‘ಜ್ಞಾನಾರ್ಜನೆಯ ಹವ್ಯಾಸ’ ಎಂಬ ಹೆಸರು. ಇಪ್ಪತ್ತು ಹೆಜ್ಜೆ ಈಚೆಗೆ ಬಂದರೆ ಅವೇ ಕಸ.

ಆ ಸಂಗ್ರಹದ ಯಜಮಾನರು ಸಜ್ಜನರು. ನನ್ನ ಚಿತ್ರ ನೋಡಲು ಬಂದರು. ಹತ್ತಿರದಿಂದ ನೋಡಿದ ಕೂಡಲೇ, “ಅಯ್ಯೋ ಅಮ್ಮಾ, ಕತ್ತರಿಸಿಬಿಟ್ಟಿದ್ದೀರಲ್ಲ!” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಎಳೆಗೂಸಿನ ಬೆರಳು ಕತ್ತರಿಸಿದವಳನ್ನು ನೋಡುವಂತೆ ನೋಡಿದರು. ಒಬ್ಬರಿಗೆ ಇದು ಕಸ, ಇನ್ನೊಬ್ಬರಿಗೆ ಇದು ಕೊಲೆ. ಚಿತ್ರ ಹೇಗಿದೆ ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ. ರಾತ್ರಿ ಮನೆಯಲ್ಲಿ ಸಪ್ಪಗೆ ಕೂತಿದ್ದಾಗ ನಮ್ಮವರು, “ಬಹುಮಾನ ಬಂತಲ್ಲ, ಇನ್ನೇನು ಬೇಕು ನಿನಗೆ?” ಎಂದು ಕೇಳಿದರು. ಆ ಹೊತ್ತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಇದೆ. ಅದನ್ನೇ ಬರೆಯುತ್ತಿದ್ದೇನೆ.

‘ಕಸದಿಂದ ರಸ’ ಎಂಬ ಈ ಎರಡು ಪದಗಳಲ್ಲಿ ಮೂರು ಸುಳ್ಳುಗಳಿವೆ. ನಿನ್ನ ಸಾಮಗ್ರಿ ಕಸ ಎಂಬುದು ಮೊದಲನೆಯದು. ನಿನ್ನ ಹೊತ್ತಿಗೆ ಬೆಲೆಯಿಲ್ಲ, ಅದು ಹೇಗೂ ಬಿದ್ದುಹೋಗುತ್ತಿದ್ದ ‘ಬಿಡುವು’ ಎಂಬುದು ಎರಡನೆಯದು. ಇದರಲ್ಲಿ ಮೆಚ್ಚಬೇಕಾದ್ದು ನಿನ್ನ ಜಾಣ ಉಳಿತಾಯವನ್ನೇ ಹೊರತು ನಿನ್ನ ಕಣ್ಣನ್ನಲ್ಲ ಎಂಬುದು ಮೂರನೆಯದು. ರಸ ಎಂಬುದು ನಮ್ಮಲ್ಲಿ ಸಣ್ಣ ಮಾತೇ? ಭರತನ ನಾಟ್ಯಶಾಸ್ತ್ರದಿಂದ ಹಿಡಿದು ನಮ್ಮ ಕಾವ್ಯಮೀಮಾಂಸೆಯೆಲ್ಲ ಸುತ್ತುತ್ತಿರುವುದು ಆ ಒಂದು ಪದದ ಸುತ್ತ. ಆದರೆ ಆ ಮೇಜಿನ ಮುಂದೆ ನಿಂತವರಿಗೆ ಕಾಣುವುದು ಕಸ ಮಾತ್ರ. ರಸ ಬಂದಿದೆಯೋ ಇಲ್ಲವೋ ಎಂದು ನೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಮೊದಲನೆಯದನ್ನೇ ನೋಡೋಣ. ನನ್ನ ತವರು ಹಾವೇರಿ ಕಡೆಯ ಒಂದು ಹಳ್ಳಿ. ಅಕ್ಕನನ್ನು 1970ರಲ್ಲಿ ಸೋಲಾಪುರಕ್ಕೆ ಕೊಟ್ಟರು. ಹದಿನೈದು ದಿನಕ್ಕೊಮ್ಮೆ ಅವಳ ಕಾಗದ ಬರುತ್ತಿತ್ತು. ಕಾರ್ಡಿನಲ್ಲಿ ಬರೆದರೆ ಊರೆಲ್ಲ ಓದುತ್ತದೆ, ಇನ್‌ಲ್ಯಾಂಡಿನಲ್ಲಿ ಜಾಗ ಸಾಲದು. ಹಾಗಾಗಿ ಅವಳದು ಯಾವಾಗಲೂ ಲಕೋಟೆ, ಮೂಲೆಯಲ್ಲಿ ಅಂಟಿಸಿದ ಚೀಟಿ. ಅವ್ವನಿಗೆ ಓದು ಬಾರದು. ಪೋಸ್ಟ್‌ಮ್ಯಾನ್ ಕೊಟ್ಟು ಹೋದ ಕೂಡಲೇ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಕೂರುತ್ತಿದ್ದಳು. “ಏನ ಬರದಾಳವಾ ನಿಮ್ಮಕ್ಕ? ಮತ್ತೊಮ್ಮೆ ಓದವಾ” ಎಂದು ಮೂರು ಸಲ ಓದಿಸುತ್ತಿದ್ದಳು. ಅಕ್ಕ ಬರೆಯದ ಸುಖವನ್ನು ನಾನೂ ಒಂದೆರಡು ಸಾಲು ಸೇರಿಸಿ ಓದುತ್ತಿದ್ದೆ ಎಂದು ಈಗ ಒಪ್ಪಿಕೊಂಡರೆ ತಪ್ಪಿಲ್ಲ. ಓದಿ ಆದ ಮೇಲೆ ಕಾಗದ ಅವ್ವನ ಟ್ರಂಕಿಗೆ, ಲಕೋಟೆಯ ಮೂಲೆ ಕತ್ತರಿಸಿಕೊಂಡು ಚೀಟಿ ನನ್ನ ಡಾಲ್ಡಾ ಡಬ್ಬಿಗೆ.

ಆ ಡಬ್ಬಿಯಲ್ಲಿ ಒಂದು ಹಿಡಿಯಷ್ಟು 5 ಪೈಸೆಯ ಸಣ್ಣ ಚೀಟಿಗಳಿದ್ದವು. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದಾಗ ಸರ್ಕಾರ ಕಾಗದಗಳ ಮೇಲೆ 5 ಪೈಸೆಯ ಪರಿಹಾರ ತೆರಿಗೆ ಹಾಕಿತು. ಮೊದಮೊದಲು ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೆಯೇ ‘ರೆಫ್ಯೂಜಿ ರಿಲೀಫ್’ ಎಂದು ಅಚ್ಚೊತ್ತಿದ್ದರು, ಆಮೇಲೆ ಅದಕ್ಕೆಂದೇ ಬೇರೆ ಚೀಟಿ ಬಂತು. 1971ರ ನವೆಂಬರಿನಿಂದ 1973ರ ಮಾರ್ಚಿನವರೆಗೆ ಅದು ನಡೆಯಿತು. ಸೋಲಾಪುರದ ಒಂದು ಅಡುಗೆಮನೆಯಲ್ಲಿ ಕೂತು ತನ್ನ ಅತ್ತೆಮನೆಯ ಕಷ್ಟ ಬರೆದ ನನ್ನ ಅಕ್ಕ, ಕಾಣದ ಯಾರದೋ ಕಷ್ಟಕ್ಕೂ ಪ್ರತಿ ಸಲ ಐದು ಪೈಸೆ ಕೊಟ್ಟಿದ್ದಳು. ಅವ್ವನ ಸೀರೆಯ ಅಂಚಿಗೆ ನಾನು ಅಂಟಿಸಿದ್ದು ಆ ಚೀಟಿಗಳನ್ನು. ಇದು ಕಸವೇ? ಯಾರ ಮನೆಯ ಕಸ?

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಆ ಸಂಗ್ರಹಕಾರರಿಗೆ ಅನ್ಯಾಯವಾಗುತ್ತದೆ. ಅಕ್ಕ 1998ರಲ್ಲಿ ತೀರಿಕೊಂಡಳು. ಅವಳಿಗೆ ಕಾಗದದ ಮೇಲೆ ತಾರೀಖು ಹಾಕುವ ಅಭ್ಯಾಸವೇ ಇರಲಿಲ್ಲ. “ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಎಂದೇ ಶುರು. ಯಾವುದು ಮೊದಲ ಕಾಗದ, ಯಾವುದು ಕೊನೆಯದು ಎಂದು ಹೇಳಬಲ್ಲದ್ದು ಲಕೋಟೆಯ ಮೇಲಿನ ಅಂಚೆ ಮುದ್ರೆ ಒಂದೇ. ಆ ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿರುತ್ತದೆ. ನಾನು ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಂಡು, ಲಕೋಟೆಯ ಚೂರನ್ನು ಒಲೆಗೆ ಹಾಕಿದ್ದೆ. ಅಕ್ಕ ಹೋದ ಮೇಲೆ ಟ್ರಂಕು ತೆಗೆದು ಕೂತೆ. ಎಲ್ಲ ಕಾಗದಗಳೂ ಇದ್ದವು. ಕೊನೆಯದು ಯಾವುದೆಂದು ಮಾತ್ರ ಇಂದಿಗೂ ತಿಳಿಯದು. ಆದ್ದರಿಂದ ಸಂಗ್ರಹಕಾರರು ಎದೆಯ ಮೇಲೆ ಕೈಯಿಟ್ಟುಕೊಂಡದ್ದರಲ್ಲಿ ಪೂರ್ತಿ ತಪ್ಪಿಲ್ಲ. ಕತ್ತರಿ ಎತ್ತುವ ಮೊದಲು ನೋಡಬೇಕು. ತೀರಾ ಹಳೆಯದಿದ್ದರೆ ಬಲ್ಲವರಿಗೆ ತೋರಿಸಬೇಕು. ಮುದ್ರೆ ಪೂರ್ತಿ ಇರುವ, ನಮ್ಮವರ ಕೈಬರಹವಿರುವ ಲಕೋಟೆಯನ್ನು ಹಾಗೆಯೇ ಬಿಡಬೇಕು. ಇದನ್ನು ನಾನು ಬೆಲೆ ತೆತ್ತು ಕಲಿತಿದ್ದೇನೆ, ನೀವು ಪುಕ್ಕಟೆ ಕಲಿಯಿರಿ.

ಆದರೆ ಆ ತಪ್ಪಿನಲ್ಲೂ ಉಳಿದದ್ದೊಂದಿದೆ. ಚಿತ್ರದಲ್ಲಿ ಅವ್ವನ ಎಡಗೈಯ ನೆರಳನ್ನು ನಾನು ಮುದ್ರೆ ಬಿದ್ದ ಚೀಟಿಗಳಿಂದಲೇ ಮಾಡಿದ್ದೇನೆ. ಹತ್ತಿರ ಹೋಗಿ ನೋಡಿದರೆ ಅರ್ಧ ವೃತ್ತದೊಳಗೆ ಸೋಲಾಪುರದ ಎರಡು ಮೂರು ಅಕ್ಷರಗಳು ಕಾಣುತ್ತವೆ. ಅಕ್ಕನ ಊರು ಅವ್ವನ ಕೈಯ ಕೆಳಗಿದೆ. ತೀರ್ಪುಗಾರರು ಅಷ್ಟು ಹತ್ತಿರ ಬರಲಿಲ್ಲ. ಕಸದ ಹತ್ತಿರ ಯಾರು ತಾನೇ ಮೂಗು ಒಯ್ಯುತ್ತಾರೆ?

ಇನ್ನು ‘ಒಂದು ಪೈಸೆ ಖರ್ಚಿಲ್ಲ’ ಎಂಬ ಮಾತು. ಲೆಕ್ಕ ಕೇಳಿದ್ದೀರಿ, ಲೆಕ್ಕ ಕೊಡುತ್ತೇನೆ. ಪ್ರತಿ ಚೀಟಿಯನ್ನೂ ಯಾರೋ ದುಡ್ಡು ಕೊಟ್ಟೇ ಕೊಂಡಿದ್ದಾರೆ, ಅದಿರಲಿ. ಚೀಟಿಯನ್ನು ಬಿಡಿಸುವುದೇ ಒಂದು ಕೆಲಸ. ಲಕೋಟೆಯ ತುಂಡುಸಮೇತ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ಕಾಯಬೇಕು. ಎಳೆಯಬಾರದು, ಅದಾಗಿಯೇ ಜಾರಬೇಕು. ಮದುವೆ ಕಾಗದದ ಗುಲಾಬಿ ಲಕೋಟೆಯನ್ನು ಜೊತೆಗೆ ಹಾಕಿದಿರೋ, ಅದರ ಬಣ್ಣ ಬಿಟ್ಟು ಬೋಗುಣಿಯ ಚೀಟಿಗಳೆಲ್ಲ ಗುಲಾಬಿ. ಬಿಟ್ಟುಕೊಂಡ ಚೀಟಿಯ ಬೆನ್ನಿನ ಗೋಂದು ತೊಳೆದು, ಹಳೆಯ ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಆರಿಸಿ, ದಪ್ಪ ಪುಸ್ತಕದ ಅಡಿಯಲ್ಲಿ ಎರಡು ದಿನ ಒತ್ತಿಡಬೇಕು. ಸ್ಟಿಕ್ಕರಿನಂತೆ ಅಂಟುವ ಹೊಸ ಬಗೆಯವು ನೀರಿಗೆ ಜಗ್ಗುವುದಿಲ್ಲ, ಅವನ್ನು ಕಾಗದದ ಸಮೇತವೇ ಕತ್ತರಿಸಬೇಕು. ಅಂಟಿಗೆ ಮೈದಾ ಬೇಯಿಸಿದರೆ ಸಾಲದು. ಚಿಟಿಕೆ ಮೈಲುತುತ್ತ ಹಾಕದಿದ್ದರೆ ನಿಮ್ಮ ಕಲೆ ಜಿರಳೆಗೆ ಊಟ. ಮೈಲುತುತ್ತ ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇಷ್ಟಾದ ಮೇಲೆ ನಿಜವಾದ ಕೆಲಸ ಶುರು. ಸಂಗ್ರಹಕಾರರು ಚೀಟಿಗಳನ್ನು ದೇಶ, ವರ್ಷ, ಬೆಲೆ ನೋಡಿ ಜೋಡಿಸುತ್ತಾರೆ. ನಾವು ಬಣ್ಣ ನೋಡಿ ಜೋಡಿಸುತ್ತೇವೆ. ಹಸಿರು ಎಂದರೆ ಒಂದೇ ಹಸಿರೇ? ಮಾವಿನ ಚಿಗುರಿನ ಹಸಿರು, ಗಿಳಿ ಹಸಿರು, ಪಾಚಿ ಹಸಿರು, ಬಿಸಿಲಿಗೆ ಮಾಸಿದ ಹಸಿರು. ಇವು ಒಂದರ ಪಕ್ಕ ಇನ್ನೊಂದು ಬಂದಾಗಲೇ ಸೆರಗಿಗೆ ಮಡಿಕೆ ಬೀಳುವುದು. ನಮ್ಮಲ್ಲಿ ಹಲವರ ಮನೆಯಲ್ಲಿ ಹಳೆಯ ಮೊಸಾಯಿಕ್ ನೆಲವಿದೆಯಲ್ಲ, ಚೂರು ಕಲ್ಲುಗಳನ್ನು ಸಿಮೆಂಟಿನಲ್ಲಿ ಕೂರಿಸಿ ಉಜ್ಜಿದ್ದು? ಅಲ್ಲಿ ಚೂರುಗಳು ಬಿದ್ದಲ್ಲಿ ಬಿದ್ದಿರುತ್ತವೆ. ಇಲ್ಲಿ ಕಾಳಿನಷ್ಟು ಚೂರಿಗೂ ಇಂಥದೇ ಜಾಗ ಎಂದಿದೆ. ಚಿಮುಟದಲ್ಲಿ ಹಿಡಿದು ಇಡಬೇಕು, ಎದ್ದು ಎಂಟು ಹೆಜ್ಜೆ ಹಿಂದೆ ಹೋಗಿ ನೋಡಬೇಕು, ಬಂದು ತೆಗೆಯಬೇಕು. ಅವ್ವನ ಕೆನ್ನೆ ಒಂದಕ್ಕೇ ನನಗೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಒಲೆಯ ಮೇಲೆ ಸಾರಿತ್ತು, ಮಗ ಪರೀಕ್ಷೆಗೆ ಓದುತ್ತಿದ್ದ, ಅತ್ತೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವುದಿತ್ತು. ‘ಬಿಡುವಿನ ಸಮಯ’ ಎಂದಿರಲ್ಲ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ದಯವಿಟ್ಟು ನಮಗೂ ತಿಳಿಸಿ.

ಮತ್ತೆ ಆ ಸಂಗ್ರಹಕಾರರ ವಿಷಯಕ್ಕೆ ಬರುತ್ತೇನೆ. ಚೀಟಿ ಕೂಡಿಡುವುದು ಗಂಭೀರ ವಿದ್ಯೆ, ಅಂಟಿಸುವುದು ಹೆಂಗಸರ ಹುಡುಗಾಟ ಎಂಬ ಭಾವನೆ ಅವರದೊಬ್ಬರದೇ ಅಲ್ಲ. ಆದರೆ ಚರಿತ್ರೆ ಏನು ಹೇಳುತ್ತದೆ ನೋಡಿ. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಹೊರಟದ್ದು 1840ರ ಮೇ ತಿಂಗಳಲ್ಲಿ, ಇಂಗ್ಲೆಂಡಿನಲ್ಲಿ. ಮರುವರ್ಷವೇ, 1841ರಲ್ಲಿ, ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಒಬ್ಬ ತರುಣಿ ತನ್ನ ಅಲಂಕಾರದ ಕೋಣೆಯ ಗೋಡೆಗೆಲ್ಲ ಬಳಸಿದ ಅಂಚೆಚೀಟಿಗಳನ್ನು ಅಂಟಿಸಬೇಕೆಂದಿದ್ದಾಳೆ, ಗೆಳೆಯರ ನೆರವಿನಿಂದ ಈಗಾಗಲೇ 16,000 ಕೂಡಿವೆ, ಇನ್ನೂ ಬೇಕು, ಇದ್ದವರು ಕಳಿಸಿ ಎಂಬುದು ಅದರ ಸಾರಾಂಶ. ಚೀಟಿ ಕೂಡಿಡುವವರ ಬಗ್ಗೆ ಸಿಗುವ ತೀರಾ ಮೊದಲಿನ ದಾಖಲೆಗಳಲ್ಲಿ ಇದೊಂದು. ಆಕೆ ಕೂಡಿಡುತ್ತಿದ್ದುದು ಆಲ್ಬಮ್ಮಿಗಲ್ಲ, ಗೋಡೆಗೆ!

ಅದಕ್ಕೆ ಸಿಕ್ಕ ಮರ್ಯಾದೆಯೇನು? 1842ರಲ್ಲಿ ‘ಪಂಚ್’ ಎಂಬ ನಗೆಪತ್ರಿಕೆ, ಇಂಗ್ಲೆಂಡಿನ ಕೆಲಸವಿಲ್ಲದ ಹೆಂಗಸರಿಗೆ ಹೊಸ ಹುಚ್ಚು ಹಿಡಿದಿದೆ, ರಾಣಿಯ ತಲೆಗಳನ್ನು ಕೂಡಿಡುತ್ತಿದ್ದಾರೆ ಎಂದು ಗೇಲಿ ಮಾಡಿತು. ಆಮೇಲೆ ಗಂಡಸರು ಅದೇ ಚೀಟಿಗಳನ್ನು ಹಿಡಿದುಕೊಂಡರು, ಪಟ್ಟಿ ಮಾಡಿದರು, ಬೆಲೆ ಕಟ್ಟಿದರು. 1864ರಲ್ಲಿ ಫ್ರಾನ್ಸಿನ ಜಾರ್ಜ್ ಎರ್ಪ್ಯಾಂ ಎಂಬಾತ ಗ್ರೀಕ್ ಭಾಷೆಯಿಂದ ಎರಡು ಪದ ಹೆಕ್ಕಿ ‘ಫಿಲಾಟೆಲಿ’ ಎಂದು ಹೆಸರಿಟ್ಟ. ಹುಚ್ಚು ಹೋಗಿ ಶಾಸ್ತ್ರವಾಯಿತು. ಹೆಸರಿಟ್ಟವನ ಹೆಸರು ಪುಸ್ತಕಗಳಲ್ಲಿದೆ. ಹದಿನಾರು ಸಾವಿರ ಕೂಡಿಟ್ಟವಳು ಇಂದಿಗೂ ‘ಒಬ್ಬ ತರುಣಿ’. ನಮ್ಮೂರಿನ ಪ್ರದರ್ಶನದ ಎರಡು ಕೋಣೆಗಳು ಆಗಲೇ ಕಟ್ಟಿ ಆಗಿದ್ದವು, ನಾವು ತಡವಾಗಿ ಒಳಗೆ ಹೋದೆವು ಅಷ್ಟೆ.

ಹೋಗಲಿ, ಚೂರು ಅಂಟಿಸುವುದು ಕಲೆಯಲ್ಲ ಎನ್ನುವುದಾದರೆ ಎಲ್ಲರಿಗೂ ಒಂದೇ ನ್ಯಾಯವಿರಲಿ. ಪಿಕಾಸೊ 1912ರಲ್ಲಿ, ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡನ್ನು ತನ್ನ ಚಿತ್ರಕ್ಕೆ ಅಂಟಿಸಿದ. ಅಂಟಿಸು ಎಂಬರ್ಥದ ಫ್ರೆಂಚ್ ಪದದಿಂದ ‘ಕೊಲಾಜ್’ ಎಂಬ ಹೆಸರು ಬಂತು, ಕಲೆಯ ಚರಿತ್ರೆಯಲ್ಲಿ ಹೊಸ ಅಧ್ಯಾಯ ಎಂದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ಬೀದಿಯಲ್ಲಿ ಬಿದ್ದಿದ್ದ ಟ್ರಾಮ್ ಟಿಕೇಟು, ಪೊಟ್ಟಣದ ಕಾಗದ, ಅಂಚೆಚೀಟಿ ಎಲ್ಲವನ್ನೂ ಹೆಕ್ಕಿ ತಂದು ಚಿತ್ರ ಮಾಡಿದ. ಆತ ಹೆಕ್ಕಿದ್ದು ನಿಜಕ್ಕೂ ಕಸವೇ! ಅವು ಇಂದು ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಅಲ್ಲಿ ಯಾರೂ ಬಣ್ಣದ ಕಾಗದದಲ್ಲಿ ‘ಕಸದಿಂದ ರಸ’ ಎಂದು ಕತ್ತರಿಸಿ ಅಂಟಿಸಿಲ್ಲ, ಸ್ಟೀಲ್ ಡಬ್ಬಿಯನ್ನೂ ಕೊಟ್ಟಿಲ್ಲ.

ಹೆಂಗಸೊಬ್ಬಳ ಉದಾಹರಣೆ ಬೇಕೆ? ಪಿಕಾಸೊಗೆ ನೂರಾನಲವತ್ತು ವರ್ಷ ಮೊದಲು, 1772ರಲ್ಲಿ, ಮೇರಿ ಡಿಲೇನಿ ಎಂಬ ಇಂಗ್ಲೆಂಡಿನ ವಿಧವೆ ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ, ಕಪ್ಪು ಹಾಳೆಯ ಮೇಲೆ ಎಸಳೆಸಳಾಗಿ ಅಂಟಿಸಿ ಹೂಗಳನ್ನು ಮಾಡತೊಡಗಿದಳು. ಕಣ್ಣು ಮಂಜಾಗುವವರೆಗೆ, ಹತ್ತು ವರ್ಷದಲ್ಲಿ 985 ಹೂಗಳು. ಆಕೆ ಅದನ್ನು ಕರೆದದ್ದು ಕಾಗದದ ಮೊಸಾಯಿಕ್ ಎಂದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅವು ಈಗಲೂ ಇವೆ. ಆಕೆಗೆ ಆಳುಕಾಳುಗಳಿದ್ದರು, ಅರಮನೆಯ ಸ್ನೇಹವಿತ್ತು, ಒಲೆಯ ಮೇಲಿನ ಸಾರಿನ ಚಿಂತೆಯಿರಲಿಲ್ಲ, ನಿಜ. ಆದರೆ ಎಪ್ಪತ್ತೆರಡಕ್ಕೆ ಶುರು ಮಾಡಿದಳು ಎಂಬುದನ್ನು ಮಾತ್ರ ನಾನು ಮರೆಯದೆ ಇಟ್ಟುಕೊಂಡಿದ್ದೇನೆ.

ಅಷ್ಟು ದೂರ ಯಾಕೆ, ನಮ್ಮ ಕೌದಿಯನ್ನೇ ನೋಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವುದು ತಲೆತಲಾಂತರದ ಕೆಲಸ. ಅಜ್ಜಿಯ ಇಳಕಲ್ ಸೀರೆಯ ದಡಿ ಎಲ್ಲಿ ಬರಬೇಕು, ತೀರಿಹೋದ ಮಾವನ ಅಂಗಿಯ ಪಟ್ಟಿ ಎಲ್ಲಿ ಕೂರಬೇಕು ಎಂದು ಅವ್ವ ದಿನಗಟ್ಟಲೆ ನೆಲದ ಮೇಲೆ ಹರವಿ ನೋಡುತ್ತಿದ್ದಳು. “ಅವ್ವಾ, ಹರಿದದ್ದು ಯಾಕೆ ಹಾಕುತ್ತೀ?” ಎಂದು ಒಮ್ಮೆ ಕೇಳಿದ್ದೆ. “ಹರದದ್ದಲ್ಲವಾ ಅದು, ಮೆತ್ತಗಾಗೇತಿ. ಕೂಸಿಗಿ ಹೊಚ್ಚಾಕ ಮೆತ್ತಂದ ಬೇಕು” ಎಂದಿದ್ದಳು. ಆ ಕೌದಿಯನ್ನು ಕಸದಿಂದ ರಸ ಎಂದು ಯಾರಾದರೂ ಅಂದಿದ್ದರೆ ಅವ್ವ ಸೂಜಿ ತೋರಿಸಿ ಹೊರಗೆ ಕಳಿಸುತ್ತಿದ್ದಳು. ಅಂಚೆಚೀಟಿಯಲ್ಲಿ ನಾನು ಮಾಡಿದ್ದು ಅವಳಿಂದ ಕಲಿತದ್ದನ್ನೇ. ಬಟ್ಟೆಯ ಬದಲು ಕಾಗದ, ದಾರದ ಬದಲು ಅಂಟು.

ಚೀಟಿಯಂಥ ಸಣ್ಣ ವಸ್ತು ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಫಾಕ್ಸ್‌ಬರೋ ಎಂಬಲ್ಲಿ ಒಂದು ಶಾಲೆಯ ಮಕ್ಕಳು 2009ರಲ್ಲಿ ಬಳಸಿದ ಅಂಚೆಚೀಟಿಗಳನ್ನು ಕೂಡಿಡತೊಡಗಿದರು. ಹಿಟ್ಲರನ ಕಾಲದಲ್ಲಿ ಕೊಲೆಯಾದ ಅರುವತ್ತು ಲಕ್ಷ ಯೆಹೂದ್ಯರು, ಅವರೊಡನೆ ಸತ್ತ ಐವತ್ತು ಲಕ್ಷ ಇತರರು, ಒಬ್ಬೊಬ್ಬರಿಗೆ ಒಂದೊಂದು ಚೀಟಿ ಎಂದು ಅವರ ಲೆಕ್ಕ. 2017ರಲ್ಲಿ ಒಂದು ಕೋಟಿ ಹತ್ತು ಲಕ್ಷ ಚೀಟಿಗಳು ಪೂರ್ತಿಯಾದವು. ಅವುಗಳಿಂದಲೇ ಮಕ್ಕಳು 18 ಕೊಲಾಜ್ ಚಿತ್ರಗಳನ್ನು ಮಾಡಿದರು. ಅವನ್ನು ಈಗ ಜೋಪಾನ ಮಾಡಿಟ್ಟಿರುವುದು ಅಮೆರಿಕದ ಅಂಚೆಚೀಟಿ ಸಂಗ್ರಹಕಾರರ ಸಂಘವೇ, ಪೆನ್ಸಿಲ್ವೇನಿಯಾದ ತನ್ನ ಕೇಂದ್ರದಲ್ಲಿ. ಆ ಸಂಗ್ರಹಕಾರರು ಕತ್ತರಿಯನ್ನು ಕಂಡು ಎದೆ ಹಿಡಿದುಕೊಳ್ಳಲಿಲ್ಲ. ಬಳಸಿ ಬಿಸಾಡಿದ ಚೀಟಿಯನ್ನು ಮಕ್ಕಳು ಆರಿಸಿದ್ದು ಸುಮ್ಮನೆ ಅಲ್ಲ. ಬಿಸಾಡಿದ್ದಕ್ಕೂ ಬೆಲೆಯಿತ್ತು ಎಂದು ತೋರಿಸಬೇಕಿತ್ತು. ಅದರ ಮುಂದೆ ನಿಂತು ಕಸದಿಂದ ರಸ ಎನ್ನಲು ನಾಲಿಗೆ ಹೊರಳೀತೇ?

ಇಷ್ಟು ಹೊತ್ತು ಬೇರೆಯವರನ್ನು ಬೈದದ್ದಾಯಿತು. ಈಗ ನಮ್ಮ ಸರದಿ. ನಮ್ಮನ್ನು ಆ ಮೇಜಿಗೆ ಕಳಿಸಿದವರಲ್ಲಿ ನಾವೂ ಇದ್ದೇವೆ. ಯಾರಾದರೂ ಚೆನ್ನಾಗಿದೆ ಎಂದ ಕೂಡಲೇ, “ಅಯ್ಯೋ, ಸುಮ್ಮನೆ ಟೈಮ್‌ಪಾಸಿಗೆ ಮಾಡಿದ್ದು” ಎನ್ನುತ್ತೇವೆ. ಬೇಕೆಂದವರಿಗೆ ಪುಕ್ಕಟೆ ಕೊಡುತ್ತೇವೆ, ಕಟ್ಟು ಹಾಕಿಸಿದ ಖರ್ಚೂ ನಮ್ಮದೇ. ಇನ್ನೂ ದೊಡ್ಡ ತಪ್ಪೆಂದರೆ, ಮಾಡಿದ್ದನ್ನೇ ಮಾಡುತ್ತೇವೆ. ಅದೇ ನವಿಲು, ಅದೇ ಗಣಪತಿ, ಅದೇ ‘ವೆಲ್‌ಕಮ್’. ಅಚ್ಚು ಪುಸ್ತಕದಿಂದ ಗೆರೆ ಇಳಿಸಿಕೊಂಡು ಒಳಗೆ ಚೀಟಿ ತುಂಬಿದರೆ ಅದು ತಾಳ್ಮೆಯೇ ಸರಿ, ತೀರ್ಪುಗಾರರು ತಾಳ್ಮೆಯನ್ನಷ್ಟೇ ಹೊಗಳಿದರೆ ಅವರ ತಪ್ಪೇನು? ಕಲೆ ಎಂದು ಕರೆಸಿಕೊಳ್ಳಬೇಕಾದರೆ, ಚೆನ್ನಾಗಿಲ್ಲ ಎನ್ನಿಸಿಕೊಳ್ಳುವ ಧೈರ್ಯವೂ ಬೇಕು. ನನ್ನ ಚಿತ್ರದಲ್ಲಿ ಅವ್ವನ ಬಲಗಾಲು ಸರಿಯಾಗಿ ಬಂದಿಲ್ಲ. ಅಂದು ಯಾರಾದರೂ ಅದನ್ನು ಎತ್ತಿ ಹೇಳಿದ್ದರೆ ನಾನು ಮೂರನೇ ಬಹುಮಾನಕ್ಕಿಂತ ಹೆಚ್ಚು ಸಂತೋಷಪಡುತ್ತಿದ್ದೆ. ಅಷ್ಟರಮಟ್ಟಿಗೆ ನೋಡಿದರಲ್ಲ ಎಂದು!

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ಸಾಮಗ್ರಿ ಮುಗಿಯುತ್ತಿದೆ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಕೌಂಟರಿನಲ್ಲಿ ಕೊಟ್ಟ ಕವರಿಗೆ ಕಂಪ್ಯೂಟರಿನ ಚೀಟಿ ಅಂಟುತ್ತದೆ, ಅದರಲ್ಲಿ ಕಪ್ಪು ಗೆರೆಗಳ ಹೊರತು ಬಣ್ಣವಿಲ್ಲ. ಅಂಚೆ ಇಲಾಖೆ ಈಗಲೂ ಚೆಂದದ ಚೀಟಿಗಳನ್ನು ತರುತ್ತದೆ. 2006ರಲ್ಲಿ ಗಂಧದ ಪರಿಮಳ ಬರುವ ಚೀಟಿಯನ್ನೇ ತಂದಿತ್ತು. ಆದರೆ ಅವು ಹೆಚ್ಚಾಗಿ ನೇರ ಆಲ್ಬಮ್ಮಿಗೆ ಹೋಗುತ್ತವೆ. ಒಬ್ಬರು ಬರೆದು, ಅಂಟಿಸಿ, ಡಬ್ಬಕ್ಕೆ ಹಾಕಿ, ಮುದ್ರೆ ಬಿದ್ದು, ಸೈಕಲ್ಲಿನಲ್ಲಿ ಬಂದು ಇನ್ನೊಬ್ಬರ ಕೈ ಸೇರಿದ ಚೀಟಿ ಇನ್ನು ಹೆಚ್ಚು ಹುಟ್ಟುವುದಿಲ್ಲ. ನಿಮ್ಮ ಅಟ್ಟದ ಮೇಲೆ, ಅತ್ತೆಯ ಪೆಟ್ಟಿಗೆಯಲ್ಲಿ ಉಳಿದಿರುವುದಿಷ್ಟೇ. ಮನೆ ಬದಲಾಯಿಸುವಾಗ ಮಕ್ಕಳು ಅದನ್ನು ‘ಹಳೇ ಕಾಗದ’ ಎಂದು ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆಗೆದು ಕೂರಿ.

ಮರುವರ್ಷ ಅದೇ ಪ್ರದರ್ಶನಕ್ಕೆ ಅದೇ ಚಿತ್ರವನ್ನು ಮತ್ತೆ ತೆಗೆದುಕೊಂಡು ಹೋದೆ. ಅರ್ಜಿಯಲ್ಲಿ ‘ವಿಭಾಗ’ ಎಂಬಲ್ಲಿ ‘ಚಿತ್ರಕಲೆ’ ಎಂದು ಬರೆದೆ. ಕೂತಿದ್ದ ಹುಡುಗಿ ಓದಿ, “ಆಂಟಿ, ಇದು ಕಸದಿಂದ ರಸಕ್ಕೆ ಬರುತ್ತೆ. ಚಿತ್ರಕಲೆ ಅಂದ್ರೆ ಪೇಂಟಿಂಗ್” ಎಂದಳು. “ನೋಡಮ್ಮ, ಇದರಲ್ಲಿ ಕಸ ಎಲ್ಲಿದೆ ತೋರಿಸು, ಅಲ್ಲೇ ಇಡುತ್ತೇನೆ” ಎಂದೆ. ಪಾಪ, ಅವಳು ಬಗ್ಗಿ ನಿಜವಾಗಿಯೂ ನೋಡಿದಳು. ಸ್ವಲ್ಪ ಹೊತ್ತು ನೋಡಿದಳು. “ಇಲ್ಲಿ ಏನೋ ಊರಿನ ಹೆಸರಿದೆ ಆಂಟಿ” ಎಂದಳು. ಅಷ್ಟರಲ್ಲಿ ಒಳಗಿನಿಂದ ಬಂದ ಹಿರಿಯರು ನಿಯಮ ಹೇಳಿದರು. ನಾನು ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ.

ಈಗ ಅದು ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದ ದಿನವೇ ಗಾಜು ಬಿಚ್ಚಿ, ಬಲಗಡೆಯ ಕೆಳಮೂಲೆಯಲ್ಲಿ ನನ್ನ ಹೆಸರು ಬರೆದೆ. ಲಂಡನ್ನಿನ ಆ ತರುಣಿ ಬರೆಯದೆ ಬಿಟ್ಟದ್ದನ್ನು ಕನ್ನಡದಲ್ಲಿ, ಪೂರ್ತಿಯಾಗಿ, ಅಪ್ಪನ ಮನೆಯ ಹೆಸರು ಸಮೇತ ಬರೆದೆ. ನೀವೂ ಬರೆಯಿರಿ. ರಂಗೋಲಿಗೆ ಬರೆಯಲಾಗದು, ಕೌದಿಗೆ ಬರೆಯುವ ರೂಢಿಯಿಲ್ಲ, ಕಾಗದದ ಮೇಲಾದರೂ ಬರೆಯಿರಿ. ಮುಂದಿನ ಸಲ ಯಾರಾದರೂ ನಿಮ್ಮ ಕೆಲಸವನ್ನು ಆ ಮೇಜಿಗೆ ತೋರಿಸಿದರೆ, ಜಗಳವಾಡಬೇಡಿ. ಬಗ್ಗಿ ನೋಡಿ, ಕಸ ಎಲ್ಲಿದೆ ತೋರಿಸಿ ಎಂದು ಕೇಳಿ. ಅಷ್ಟಕ್ಕೂ ಒಪ್ಪದಿದ್ದರೆ ಮನೆಗೆ ತನ್ನಿ. ಸಾಸಿವೆಗೆ ಹಳೆಯ ಹಾರ್ಲಿಕ್ಸ್ ಬಾಟಲಿಯಾದರೂ ನಡೆಯುತ್ತದೆ.